ರೀಲಿನ ಡಬ್ಬಿಯಲ್ಲಿರುವ ಮಷೀನು

ನನ್ನ ಮೇಜಿನ ಖಾನೆಯಲ್ಲಿ ಕ್ಯಾಮೆರಾ ರೀಲಿನ ಒಂದು ಡಬ್ಬಿ ಇದೆ. ಕಪ್ಪು ಪ್ಲಾಸ್ಟಿಕ್ಕಿನದು, ಬೂದು ಬಣ್ಣದ ಮುಚ್ಚಳ. ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲೂ ಇಂಥವು ಬಿದ್ದಿರುತ್ತಿದ್ದವು. ಏಲಕ್ಕಿಗೋ ಗುಂಡುಪಿನ್ನಿಗೋ ಉಪಯೋಗವಾಗುತ್ತಿದ್ದವು. ಮೊನ್ನೆ ಏನನ್ನೋ ಹುಡುಕುವಾಗ ಅದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದೆ. ಪೆಟ್ರೋಲಿನ ವಾಸನೆ ಬಂತು. ಬಹಳವಲ್ಲ, ಮೂಗಿಗೆ ತಾಗಿತೋ ಇಲ್ಲವೋ ಎನ್ನುವಷ್ಟು. ಅಷ್ಟಕ್ಕೇ ನನಗೆ ಪಿತ್ತ ನೆತ್ತಿಗೇರಿತು.

ತೀರಿಕೊಂಡವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಎನ್ನುತ್ತಾರೆ. ನಾನೂ ಪ್ರಯತ್ನ ಮಾಡಿ ನೋಡಿದ್ದೇನೆ… ಆಗಿಲ್ಲ. ನಾಸಿಕ್‌ನ ಆ ಗಡಿಯಾರ ರಿಪೇರಿಯ ಕಾಕಾ ನೆನಪಾದಾಗಲೆಲ್ಲ ಮೊದಲು ಬರುವುದು ಸಿಟ್ಟು. ಬೇರೆ ಏನಾದರೂ ಬರುವುದಿದ್ದರೆ ಅದು ಸಿಟ್ಟಿನ ಹಿಂದೆ ಸಾಲಿನಲ್ಲಿ ನಿಂತು ಬರಬೇಕು. ಅವರ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಎಂದು ಆ ಸಿಟ್ಟನ್ನು ಪಾಲು ಮಾಡಲು ನನಗೆ ಇನ್ನೂ ಬಂದಿಲ್ಲ.

ಬ್ಯಾಂಕಿನ ವರ್ಗಾವಣೆಯ ಮೇಲೆ ನಾನು ಧಾರವಾಡದಿಂದ ನಾಸಿಕ್‌ಗೆ ಬಂದಾಗ ಜೊತೆಗಿದ್ದವಳು ಅವ್ವ ಒಬ್ಬಳೇ. ಅಷ್ಟರಲ್ಲಿ ಅವಳ ಎರಡೂ ಕಣ್ಣು ಹೋಗಿದ್ದವು. ಕಿಟಕಿ ಯಾವ ಕಡೆ ಇದೆ ಎಂದು ಬೆಳಕಿನ ಮೇಲೆ ಹೇಳುತ್ತಿದ್ದಳು, ಅಷ್ಟೇ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರು ದಿನಕ್ಕೆ ನಾಲ್ಕು ಗಾಡಿ ನಿಂತರೆ ಹೆಚ್ಚು ಎನ್ನುವಂಥ ಸಣ್ಣ ಊರುಗಳಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು. ಅವರ ಕೈಗಡಿಯಾರ ಅವ್ವನ ಬಳಿ ಉಳಿದಿತ್ತು. ಚಾವಿ ಕೊಡುವ ಗಡಿಯಾರ, ಹೊರದೇಶದ ಯಾವುದೋ ಕಂಪನಿಯದು. ಆ ಕಂಪನಿ ಬಾಗಿಲು ಮುಚ್ಚಿ ಹೆಚ್ಚುಕಡಿಮೆ ನನ್ನ ವಯಸ್ಸಿನಷ್ಟು ವರ್ಷಗಳಾಗಿದ್ದವು.

ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಅವ್ವ ಅದಕ್ಕೆ ಚಾವಿ ಕೊಡುತ್ತಿದ್ದಳು. ಆಮೇಲೆ ಕಿವಿಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ಕಣ್ಣು ಕಾಣದವರಿಗೆ ಗಡಿಯಾರ ಯಾಕೆ ಎಂದು ಪಕ್ಕದ ಮನೆಯವರು ಒಮ್ಮೆ ಕೇಳಿಯೇಬಿಟ್ಟರು.

"ನೋಡಲಿಕ್ಕಲ್ಲರಿ, ಕೇಳಲಿಕ್ಕೆ" ಎಂದಿದ್ದಳು ಅವ್ವ.

ಆ ಗಡಿಯಾರವನ್ನು ಕೆಡವಿದವಳು ನಾನು. ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಅಂದು ಬ್ಯಾಂಕಿಗೆ ಹೊರಡುವ ಗಡಿಬಿಡಿ. ಅವ್ವ ಗಡಿಯಾರವನ್ನು ನನ್ನ ಕೈಗೆ ಕೊಟ್ಟು, "ವ್ಯಾಳ್ಯಾ ಬರೋಬ್ಬರಿ ತೋರಸ್ತದೇನು ನೋಡವಾ" ಎಂದು ಹೇಳಿ ಬಚ್ಚಲಿಗೆ ಹೋದಳು. ಅಷ್ಟರಲ್ಲಿ ಮ್ಯಾನೇಜರರ ಫೋನ್ ಬಂತು. ಮಾತಾಡುತ್ತ ಗಡಿಯಾರವನ್ನು ಕಪಾಟಿನ ಅಂಚಿನಲ್ಲಿ ಇಟ್ಟೆ. ತಿರುಗುವಾಗ ನನ್ನ ಬ್ಯಾಗಿನ ಪಟ್ಟಿ ಅದಕ್ಕೆ ಸಿಕ್ಕಿಕೊಂಡು ಎಳೆಯಿತು. ಗಡಿಯಾರ ನೆಲದ ಟೈಲ್ಸ್ ಮೇಲೆ ಬಿತ್ತು. ಎತ್ತಿ ಕಿವಿಗೆ ಹಿಡಿದೆ. ಏನೂ ಇಲ್ಲ.

"ಏನು ಬಿತ್ತವಾ?" ಬಚ್ಚಲಿನಿಂದ ಅವ್ವ ಕೇಳಿದಳು.

"ಚಮಚಾ" ಎಂದೆ.

ಸಂಜೆ ಬಂದು, ಆಗಷ್ಟೇ ತಿಳಿದವಳ ಹಾಗೆ, "ಅವ್ವಾ, ನಿನ್ನ ಗಡಿಯಾರ ನಿಂತುಬಿಟ್ಟದ ನೋಡು. ಹಳೇದಾತು" ಎಂದೆ. ಅವ್ವ ಅದನ್ನು ಕೈಯಲ್ಲಿ ತಿರುಗಿಸಿದಳು, ಅಲ್ಲಾಡಿಸಿದಳು. "ನಾನs ಬೆಳಿಗ್ಗೆ ಚಾವಿ ಕೊಟ್ಟಿದ್ದೆನಲ್ಲ" ಎಂದು ಒಂದೇ ಮಾತು ಹೇಳಿದಳು.

ಮೂರು ನಾಲ್ಕು ಅಂಗಡಿ ಸುತ್ತಿದೆವು. ಎಲ್ಲರದೂ ಒಂದೇ ಉತ್ತರ. ಒಳಗಿನ ಮಷೀನನ್ನು ತೆಗೆದು ಎಸೆದು ಸೆಲ್ಲಿನ ಮಷೀನು ಹಾಕಿಕೊಡುತ್ತೇವೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೊರಗಿನಿಂದ ನೋಡಲಾರದವಳಿಗೆ ಆ ಮಾತು ಹೇಳುತ್ತಿದ್ದರು. ಕಡೆಗೆ ಯಾರೋ ರವಿವಾರ ಕಾರಂಜಾ ಎಂಬ ಚೌಕದ ಹತ್ತಿರ ಒಬ್ಬರಿದ್ದಾರೆ, ಆದರೆ ಬಾಯಿ ಕೆಟ್ಟದು ಎಂದು ಹೇಳಿ ಕಳಿಸಿದರು.

ಕೆಟ್ಟದು ಎಂದರೆ ಕಡಿಮೆಯಾಯಿತು. ಮಾಳಿಗೆಯ ಮೆಟ್ಟಿಲಿನ ಕೆಳಗೆ ಇಬ್ಬರು ನಿಂತರೆ ತುಂಬಿಹೋಗುವಂಥ ಅಂಗಡಿ. ಅವಸರ ಇದ್ದವರು ಮುಂದಿನ ಅಂಗಡಿಗೆ ಹೋಗಿ ಎಂದು ಮರಾಠಿಯಲ್ಲಿ ಬರೆದ ಒಂದು ರಟ್ಟು. ಗಾಜಿನ ಬಟ್ಟಲಲ್ಲಿ ಪೆಟ್ರೋಲು, ಅದರಲ್ಲಿ ಮುಳುಗಿದ ಪುಟ್ಟ ಪುಟ್ಟ ಚಕ್ರಗಳು. ಹಿಂದಿನ ಗೋಡೆಗೆ ಸಾಲುಸಾಲಾಗಿ ರೀಲಿನ ಡಬ್ಬಿಗಳು, ಒಂದೊಂದರ ಮೇಲೂ ಒಂದೊಂದು ಚೀಟಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ಮುದುಕರು ತಲೆ ಎತ್ತದೆ ಮರಾಠಿಯಲ್ಲಿ ಏನು ಎಂದು ಕೇಳಿದರು. ನಾನೂ ಮರಾಠಿಯಲ್ಲಿ ಹೇಳತೊಡಗಿದೆ. ಹಿಂದಿನಿಂದ ಅವ್ವ, "ಸ್ವಲ್ಪ ಸಾವಕಾಶ ಬಿಚ್ಚಲಿಕ್ಕೆ ಹೇಳವಾ ಅವರಿಗೆ" ಎಂದಳು.

ಭೂತಗನ್ನಡಿ ಮೇಲೆದ್ದಿತು.

"ಬೆಳಕ ಬಿಡ್ರಿ ಅಕ್ಕಾರ. ಬಾಗಲಕ್ಕ ಅಡ್ಡ ನಿಂದರಬ್ಯಾಡ್ರಿ."

ಅದೇ ಅವರ ಬಾಯಿಂದ ನಾನು ಕೇಳಿದ ಮೊದಲ ಕನ್ನಡ. ಅವರ ತಂದೆಯ ಕಾಲದಲ್ಲಿ ಜಮಖಂಡಿಯಿಂದ ಬಂದವರಂತೆ. ಗಿರಾಕಿಗಳ ಹತ್ತಿರ ಮರಾಠಿ, ಹಿಂದಿ. ಕನ್ನಡ ಬೈಯುವುದಕ್ಕೆ ಮಾತ್ರ. ಚಿಕ್ಕಂದಿನಲ್ಲಿ ತಾಯಿ ಬೈದ ಮಾತುಗಳಷ್ಟೇ ಅವರಲ್ಲಿ ಉಳಿದಿದ್ದವೋ ಏನೋ… ನನ್ನ ಪಾಲಿಗಂತೂ ಅವರು ಅದನ್ನು ಚೆನ್ನಾಗಿ ಖರ್ಚು ಮಾಡಿದರು.

ಹಿಂದಿನ ಮುಚ್ಚಳ ತೆಗೆದು ಒಂದು ನಿಮಿಷ ನೋಡಿದರು. ಆಮೇಲೆ ಕೇಳಿದರು, "ಯಾರ ಕೆಡವಿದ್ದು ಇದನ್ನ?"

"ಯಾರೂ ಕೆಡವಿಲ್ಲರಿ. ತಾನs ನಿಂತದ."

"ಗಡಿಯಾರ ತನ್ನಷ್ಟಕ ತಾನ ಅಚ್ಚ ಮುರಕೊಳ್ಳಾಂಗಿಲ್ಲರಿ. ಯಾರರ ಕೆಡವಿರಬೇಕು."

ಅವ್ವನ ಕೈ ನನ್ನ ಹೆಗಲ ಮೇಲಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಗಲ ಮೇಲೆ ಅವ್ವನ ಕೈಯೇ ಕೂತಿತ್ತು. ಆ ಕ್ಷಣದಿಂದ ಅವರಿಗೂ ನನಗೂ ಎಣ್ಣೆ ಸೀಗೆಕಾಯಿ. ನನ್ನ ಸುಳ್ಳನ್ನು ನನ್ನ ತಾಯಿಯ ಎದುರಿಗೇ ಬಿಚ್ಚಿಟ್ಟ ಮನುಷ್ಯನನ್ನು ನಾನು ಹೇಗೆ ಕ್ಷಮಿಸಬೇಕಿತ್ತು?

ಮುರಿದದ್ದು ಬ್ಯಾಲೆನ್ಸ್ ಚಕ್ರದ ಅಚ್ಚು. ಆ ಚಕ್ರ ಅತ್ತಿತ್ತ ಓಲಾಡುತ್ತಿದ್ದರೆ ಗಡಿಯಾರಕ್ಕೆ ಉಸಿರಿದೆ ಎಂದರ್ಥ. ಅಚ್ಚಿನ ತುದಿ ಕೂದಲಿಗಿಂತ ತೆಳ್ಳಗೆ. ಒಂದು ಮಾದರಿಯದು ಇನ್ನೊಂದಕ್ಕೆ ಕೂಡುವುದಿಲ್ಲ. ಹೊಸದು ಎಲ್ಲಿಯೂ ತಯಾರಾಗುವುದಿಲ್ಲ. ಅದೇ ಕಂಪನಿಯ, ಅದೇ ಮಾದರಿಯ, ಬೇರೆ ಯಾವುದೋ ಕಾರಣಕ್ಕೆ ಸತ್ತ ಗಡಿಯಾರ ಸಿಕ್ಕರೆ ಅದರಿಂದ ತೆಗೆಯಬೇಕು.

"ಸಿಕ್ಕರ ಸಿಕ್ಕಿತು, ಇಲ್ಲಂದ್ರ ಇಲ್ಲ. ಇಟ್ಟ ಹೋಗ್ರಿ. ದಿನಾ ಬಂದು ಕೇಳಬ್ಯಾಡ್ರಿ" ಎಂದರು.

ನಾನು ದಿನಾ ಹೋಗಲಿಲ್ಲ. ಬ್ಯಾಂಕಿಗೆ ರಜೆ ಇದ್ದ ಶನಿವಾರಗಳಂದು ಹೋದೆ. ಒಂದೊಂದು ಸಲವೂ ಬೈಸಿಕೊಂಡು ಬಂದೆ, ಬೈದೂ ಬಂದೆ. ಇತ್ತ ಮನೆಯಲ್ಲಿ ಅವ್ವ ದೀಪ ಹಚ್ಚಿದ ಮೇಲೆ ಅಭ್ಯಾಸದಿಂದ ಕಪಾಟಿನ ಮೇಲೆ ಕೈಯಾಡಿಸುತ್ತಿದ್ದಳು. ಏನೂ ಸಿಗದೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದಳು. ಊಟ ಕಡಿಮೆ ಮಾಡಿದಳು. ಒಂದು ದಿನ ಮಧ್ಯಾಹ್ನ ಎರಡು ಗಂಟೆಗೆ ನನಗೆ ಫೋನ್ ಮಾಡಿಸಿ, "ಇವತ್ತು ಬೆಳಗಾಗಿದ್ದು ಖರೇನೇನವಾ?" ಎಂದು ಕೇಳಿದಳು. ನಾನು ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಆ ಮುದುಕನನ್ನು ಮನಸಾರೆ ಶಪಿಸಿದೆ.

ಆ ದಿನಗಳ ಒಂದು ಸೋಮವಾರ. ಏನೋ ರಜೆ ಇತ್ತು. ಅವ್ವನನ್ನು ತ್ರ್ಯಂಬಕೇಶ್ವರಕ್ಕೆ ಕರೆದುಕೊಂಡು ಹೊರಟೆ. ಹತ್ತು ಜನರನ್ನು ತುರುಕುವ ಜೀಪಿನಲ್ಲಿ ನಮಗೆ ಜಾಗ ಸಿಕ್ಕಿತು. ಎದುರಿನ ಸೀಟಿನಲ್ಲಿ, ಬಟ್ಟೆಯ ಚೀಲವನ್ನೂ ಒಂದು ಹೊಸ ಗೋಡೆ ಗಡಿಯಾರವನ್ನೂ ತೊಡೆಯ ಮೇಲಿಟ್ಟುಕೊಂಡು ಅವರು ಕೂತಿದ್ದರು. ನನ್ನನ್ನು ನೋಡಿ ಮುಖ ಹೊರಗೆ ತಿರುಗಿಸಿದರು. ನಾನೂ ತಿರುಗಿಸಿದೆ. ಅವ್ವನಿಗೆ ಹೇಳಲೂ ಇಲ್ಲ.

ಸ್ವಲ್ಪ ದೂರ ಹೋದ ಮೇಲೆ ಅವ್ವ ಮೂಗು ಅರಳಿಸಿದಳು. "ಗಡಿಯಾರದವರು ಇದ್ದಾರೇನ್ರಿ ಇಲ್ಲೆ?"

ಅವರ ಮೈಗೆ ಪೆಟ್ರೋಲಿನ ವಾಸನೆ ಅಂಟಿಕೊಂಡಿತ್ತಲ್ಲ. "ಹೌದ್ರಿ ಅವ್ವಾರ" ಎಂದರು. ಆ ದನಿ ನಾನು ಅದುವರೆಗೆ ಕೇಳಿದ್ದಲ್ಲ.

"ಸಿಕ್ಕಿತೇನ್ರಿ ಅಚ್ಚು?"

"ಹುಡಕಾಕತ್ತೇನ್ರಿ."

"ಅವಸರಿಲ್ಲರಿ. ನಮ್ಮ ಇವರ ಗಡಿಯಾರಕ್ಕೂ ಅವಸರ ಇರಲಿಲ್ಲ. ಎಲ್ಲಾರದಕ್ಕಿಂತ ಸಾವಕಾಶ ನಡೀತಿತ್ತು. ಹಿಂಗ…" ಎಂದು ಅವ್ವ ಎರಡು ಬೆರಳಿನಿಂದ ಜೀಪಿನ ಕಬ್ಬಿಣದ ಸಲಾಕೆಯನ್ನು ತಟ್ಟಿ ತೋರಿಸಿದಳು. ಅಷ್ಟು ಸಣ್ಣ ಸದ್ದು ಆ ಗದ್ದಲದಲ್ಲಿ ಕೇಳುವುದು ಸಾಧ್ಯವೇ ಇರಲಿಲ್ಲ. ಅವರು ಮುಂದಕ್ಕೆ ಬಾಗಿ, ಅವಳ ಬೆರಳುಗಳನ್ನೇ ನೋಡುತ್ತ, ಕೇಳಿದರು.

ದರ್ಶನ ಮುಗಿಸಿ ಬರುವಾಗ ಒಂದು ಲಾಜಿನ ಬಾಗಿಲಲ್ಲಿ ಅವರ ಕಿರುಚಾಟ ಕೇಳಿಸಿತು. ಯಾತ್ರಿಕರು ಮರೆತು ಹೋದ ವಸ್ತುಗಳ ಡಬ್ಬವನ್ನು ಮ್ಯಾನೇಜರ್ ಕೌಂಟರಿನ ಮೇಲೆ ಸುರಿದಿದ್ದ. ಒಂಟಿ ಚಪ್ಪಲಿ, ಕನ್ನಡಕ, ಚಾರ್ಜರುಗಳು, ಕೆಟ್ಟು ನಿಂತ ಕೈಗಡಿಯಾರಗಳು. ಇವರು ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ "ಹೇ ನಾಹೀ", ಇದಲ್ಲ, ಎಂದು ಪಕ್ಕಕ್ಕೆ ತಳ್ಳುತ್ತಿದ್ದರು. ನಡೆಯುವ ಒಂದು ಗೋಡೆ ಗಡಿಯಾರ ಕೊಟ್ಟು, ಬದಲಿಗೆ ಸತ್ತ ಕೈಗಡಿಯಾರಗಳನ್ನು ಒಯ್ಯುವುದು ಅವರ ಪದ್ಧತಿಯಂತೆ. ಸೋಮವಾರ ಅಂಗಡಿ ಮುಚ್ಚಿ ಇದೇ ಕೆಲಸ. ಸಿನ್ನರ್ ಕಡೆ ಕಾರ್ಖಾನೆಯಿಂದ ನಿವೃತ್ತರಾದವರ ಮನೆಗಳಿಗೂ ಹೀಗೆಯೇ ಹೋಗುತ್ತಿದ್ದರಂತೆ. ದೇವರ ಊರಿನಲ್ಲೂ ವ್ಯಾಪಾರ ಬಿಡಲಿಲ್ಲ ಈ ಮನುಷ್ಯ ಎಂದುಕೊಂಡೆ. ನಮ್ಮದನ್ನೂ ಹುಡುಕುತ್ತಿರಬಹುದು ಎಂಬ ಯೋಚನೆ ನನ್ನ ಹತ್ತಿರ ಸುಳಿಯಲಿಲ್ಲ.

ಎಂಟನೆಯ ತಿಂಗಳು ನನ್ನ ತಾಳ್ಮೆ ಮುಗಿಯಿತು. ಅಂಗಡಿಯ ಮುಂದೆ ನಿಂತು, ನಾಲ್ಕು ಜನ ಸೇರುವ ಹಾಗೆ ಕೂಗಾಡಿದೆ. ಗಡಿಯಾರ ಮಾರಿಕೊಂಡಿದ್ದೀರಿ ಎಂದೆ. ಪೊಲೀಸರಿಗೆ ದೂರು ಕೊಡುತ್ತೇನೆ ಎಂದೆ. ನಾನು ಬ್ಯಾಂಕಿನ ಅಧಿಕಾರಿ, ನಿಮ್ಮಂಥವರನ್ನು ಬಹಳ ನೋಡಿದ್ದೇನೆ ಎಂದೂ ಎಂದೆ. ಇಂಥ ಮಾತು ಬಾಯಿಂದ ಹೊರಟ ಮೇಲೆ ಮಾತಾಡಿದವರನ್ನೇ ಸಣ್ಣವರನ್ನಾಗಿ ಮಾಡುತ್ತದೆ, ಆದರೆ ಅದು ಗೊತ್ತಾಗುವುದು ಆಮೇಲೆ.

"ನಮ್ಮವ್ವ ಅದನ್ನ ಕೇಳದs ಸತ್ತ್ರ ನೀವು ಜವಾಬ್ದಾರರು ನೋಡ್ರಿ" ಎಂದೆ ಕಡೆಗೆ.

ಅವರು ಅಂದು ತಿರುಗಿ ಬೈಯಲಿಲ್ಲ. "ಮುಂದಿನ ಶನಿವಾರ ಬರ್ರಿ" ಎಂದರು, ಅಷ್ಟೇ.

ಮುಂದಿನ ಶನಿವಾರ ಗಡಿಯಾರ ನಡೆಯುತ್ತಿತ್ತು. ಅಪ್ಪನದೇ ಹಳದಿ ತಿರುಗಿದ ಡಯಲು, ಅಪ್ಪನದೇ ಸವೆದ ಅಂಚು. "ಅಚ್ಚು ಸಿಕ್ಕಿತೇನ್ರಿ?" ಎಂದು ಕೇಳಿದೆ. ಅವರು ಪೆಟ್ರೋಲಿನ ಬಟ್ಟಲಿಗೆ ಮುಚ್ಚಳ ಹಾಕುತ್ತ, "ನಡದೈತಲ್ಲರಿ? ಒಯ್ಯರಿ. ಆದರ ನನಗ ಆಗಾಗ ತಂದು ತೋರಸ್ಕೋತ ಇರಬೇಕು" ಎಂದರು. ನನ್ನ ಮುಖ ನೋಡಲಿಲ್ಲ. ಗೆದ್ದೆ ಎಂಬ ಖುಷಿಯಲ್ಲಿ ನಾನು ಅದನ್ನು ಗಮನಿಸಲಿಲ್ಲ. ಕೂಗಾಡಿದರೆ ಕೆಲಸವಾಗುತ್ತದೆ ಎಂದು ಬ್ಯಾಂಕಿನಲ್ಲಿ ನಾಲ್ಕು ಜನರಿಗೆ ಹೇಳಿಕೊಂಡೆ ಕೂಡ.

ಅವ್ವ ಎರಡೂ ಕೈಯಿಂದ ಗಡಿಯಾರ ತೆಗೆದುಕೊಂಡಳು. ಕಿವಿಗೆ ಹಿಡಿದಳು. ಬಹಳ ಹೊತ್ತು ಹಿಡಿದಳು. ಅವಳ ಮುಖ ಅರಳುತ್ತದೆ ಎಂದು ನಾನು ಕಾಯುತ್ತಿದ್ದೆ.

"ಇದು ಇವರದಲ್ಲವಾ" ಎಂದಳು.

"ಅಂದ್ರ?"

"ಇದು ಓಡತದ. ಇವರದು ಓಡತಿರಲಿಲ್ಲ."

ಎಂಟು ತಿಂಗಳ ಓಡಾಟ, ಬೈಗುಳ, ಬಿಸಿಲು ಎಲ್ಲ ಒಟ್ಟಿಗೆ ನನ್ನ ಬಾಯಿಗೆ ಬಂದವು. "ಕಣ್ಣಂತೂ ಹೋದವು, ಈಗ ಕಿವಿನೂ ಹೋದವೇನು ನಿಂದು? ಡಯಲ್ ಅಪ್ಪಂದs ಅದ, ನಾ ನೋಡಾಕತ್ತೇನಲ್ಲ!" ಎಂದು ಕಿರುಚಿದೆ. ಅವ್ವ ಗಡಿಯಾರವನ್ನು ಕಿವಿಯಿಂದ ಇಳಿಸಿದಳು. ಮತ್ತೆ ಆ ಮಾತು ಎತ್ತಲಿಲ್ಲ. ಮರುದಿನದಿಂದ ದೀಪ ಹಚ್ಚಿ ಗಡಿಯಾರಕ್ಕೆ ಚಾವಿ ಕೊಡುತ್ತಿದ್ದಳು. ಆದರೆ ಕಿವಿಗೆ ಹಿಡಿಯುತ್ತಿರಲಿಲ್ಲ. ಚಾವಿ ಕೊಟ್ಟು ಕಪಾಟಿನ ಮೇಲೆ ಇಟ್ಟುಬಿಡುತ್ತಿದ್ದಳು. ನಾನು ಅದನ್ನು ನೋಡಿದೆ. ನೋಡಿ, ಮುದುಕರ ಹಟ ಎಂದುಕೊಂಡೆ.

ಮುಂದೆ ಎರಡು ವರ್ಷಕ್ಕೆ ನನಗೆ ಸಂಭಾಜಿನಗರಕ್ಕೆ ವರ್ಗವಾಯಿತು. ಚಿಕಲಠಾಣಾದ ಶಾಖೆ, ಅಲ್ಲೇ ಹತ್ತಿರ ಮನೆ. ಗಡಿಯಾರವನ್ನು ನಾನು ಒಮ್ಮೆಯೂ ಕಾಕಾನಿಗೆ ತೋರಿಸಿರಲಿಲ್ಲ. ಚೆನ್ನಾಗಿ ನಡೆಯುವುದನ್ನು ಯಾಕೆ ತೋರಿಸಬೇಕು?

ಸಂಕ್ರಾಂತಿಯ ಮರುದಿನ ಬ್ಯಾಂಕಿನಲ್ಲಿ ಜನ ತುಂಬಿದ್ದಾಗ ಅವರ ಫೋನ್ ಬಂತು.

"ಅಕ್ಕಾರ, ಗಡಿಯಾರ ತಗೊಂಡ ಬರ್ರಿ. ಅವ್ವಾರನ್ನೂ ಕರಕೊಂಡ ಬರ್ರಿ."

"ಯಾಕ್ರಿ? ಛಲೋ ನಡದದ ಅದು."

"ನಡೀಲಿ. ತಗೊಂಡ ಬರ್ರಿ."

"ಕಣ್ಣು ಕಾಣದ ಮುದುಕಿನ್ನ ಬಸ್ಸಿನಾಗ ಕೂಡಿಸಿಕೊಂಡು ಅಲ್ಲೀತನಕಾ ಬರಲೇನ್ರಿ? ಏನದ ಅಂತ ಇಲ್ಲೇ ಹೇಳ್ರಿ."

"ಫೋನಿನ್ಯಾಗ ಹೇಳೂ ಮಾತಲ್ಲರಿ ಅದು. ಬರ್ರಿ ಅಂದ್ರ ಬರ್ರಿ."

ಅದೇ ದರ್ಪ. ಅದೇ ಅಪ್ಪಣೆ. ನಾನು ಫೋನ್ ಇಟ್ಟೆ. ಅವರು ಮತ್ತೆ ಮಾಡಿದರು, ಮತ್ತೆ ಮಾಡಿದರು. ನಾಲ್ಕನೆಯ ಸಲಕ್ಕೆ ಆ ನಂಬರನ್ನು ಬ್ಲಾಕ್ ಮಾಡಿ ಮುಂದಿನ ಗಿರಾಕಿಯ ಪಾಸ್‌ಬುಕ್ ತೆಗೆದುಕೊಂಡೆ. ಮನಸ್ಸಿಗೆ ಎಷ್ಟು ಹಾಯೆನಿಸಿತೆಂದರೆ ಅಂದು ಇಡೀ ದಿನ ಯಾರ ಮೇಲೂ ರೇಗಲಿಲ್ಲ.

ಆಷಾಢದಲ್ಲಿ ಅವ್ವ ತೀರಿಕೊಂಡಳು. ಮೂರು ದಿನ ಜ್ವರ, ಆಮೇಲೆ ಇಲ್ಲ. ಆಸ್ಪತ್ರೆಗೆ ಹೊರಡುವಾಗ ಗಡಿಯಾರ ಕೊಡಲೇ ಎಂದು ಕೇಳಿದೆ. "ಇರಲಿ ಬಿಡವಾ, ಯಾರದೋ ಏನೋ" ಎಂದಳು…

ಅವಳು ಹೋದ ಮೇಲೆ ಚಾವಿ ಕೊಡುವುದನ್ನು ನಾನು ಮುಂದುವರಿಸಿದೆ. ಒಂದು ವರ್ಷ ಕಳೆದ ಮೇಲೆ ಒಂದು ದಿನ ಚಾವಿ ತಿರುಗಿಸಿದರೂ ಅದು ನಡೆಯಲಿಲ್ಲ. ಅಲ್ಲಿಯ ಗುಲ್‌ಮಂಡಿ ಪೇಟೆಯಲ್ಲಿ ಹಳೆಯ ಗಡಿಯಾರಗಳನ್ನು ಬಿಚ್ಚುವ ಒಬ್ಬ ಚಾಚಾ ಇದ್ದಾರೆಂದು ತಿಳಿದು ಅಲ್ಲಿಗೆ ಒಯ್ದೆ. ಅವರು ಮುಚ್ಚಳ ತೆಗೆದರು. ನೋಡಿದರು. ಡಯಲನ್ನೂ ಬಿಚ್ಚಿದರು. ಆಮೇಲೆ ಹಿಂದಿಯಲ್ಲಿ ಹೇಳಿದ್ದು ಇಷ್ಟು: ಕೇಸು, ಡಯಲು, ಮುಳ್ಳು ಒಂದು ಗಡಿಯಾರದವು. ಒಳಗಿನ ಮಷೀನು ಬೇರೆಯದು, ಅದಕ್ಕಿಂತ ಈಚಿನದು. ಇದರ ಬ್ಯಾಲೆನ್ಸ್ ಜಾಸ್ತಿ ಬೇಗ ಬಡಿಯುತ್ತದೆ.

ಓಡತದ ಎಂದಿದ್ದಳು ಅವ್ವ.

ಮೊದಲು ಅಳು ಬರಬೇಕಿತ್ತೇನೋ, ಬಂದದ್ದು ರೋಷ. ಕಳ್ಳ! ಕುರುಡಿಯ ಗಡಿಯಾರದ ಹೊಟ್ಟೆ ಬಗೆದು, ಒಳಗಿನದನ್ನು ಮಾರಿಕೊಂಡು, ಯಾವುದೋ ತುರುಕಿ ಕೊಟ್ಟ ಕಳ್ಳ! ಚಾಚಾ ಮಾತ್ರ ಇನ್ನೂ ಭೂತಗನ್ನಡಿ ತೆಗೆದಿರಲಿಲ್ಲ. ಇದೊಂದು ವಿಚಿತ್ರ ಇದೆ ನೋಡಿ ಎಂದು ನನ್ನನ್ನು ಕರೆದರು. ಡಯಲಿನ ಹಿಂದೆ ಎರಡು ಪುಟ್ಟ ಕಾಲುಗಳಿರುತ್ತವೆ, ಅವು ಮಷೀನಿನ ರಂಧ್ರಗಳಲ್ಲಿ ಕೂರುತ್ತವೆ. ಬೇರೆ ಮಷೀನು ಹಾಕಿದರೆ ಕೂರುವುದಿಲ್ಲ. ಮೋಸ ಮಾಡುವವರು ಕಾಲುಗಳನ್ನು ಕತ್ತರಿಸಿ, ಡಯಲನ್ನು ಅಂಟು ಹಾಕಿ ಅಂಟಿಸಿಬಿಡುತ್ತಾರೆ. ಇವರು ಕತ್ತರಿಸಿಲ್ಲ. ಹಿತ್ತಾಳೆಯ ಒಂದು ಸಣ್ಣ ಬಳೆಯನ್ನು ಕೈಯಿಂದ ಅರೆದು ಮಾಡಿ, ಕಾಲುಗಳನ್ನು ಅದರಲ್ಲಿ ಕೂರಿಸಿದ್ದಾರೆ. ದಿನಗಟ್ಟಲೆ ಹಿಡಿಯುವ ಕೆಲಸ. ಹಳೆಯ ಮಷೀನನ್ನು ಮತ್ತೆ ಹಾಕುವ ಮನಸ್ಸಿದ್ದವರು ಮಾತ್ರ ಇಷ್ಟು ಕಷ್ಟಪಡುತ್ತಾರೆ ಎಂದರು ಚಾಚಾ.

ನಾನು ಕೇಳಿಸಿಕೊಂಡೆ, ಒಪ್ಪಲಿಲ್ಲ. ಅದನ್ನು ಮತ್ತೆ ಜೋಡಿಸಿ ಕೊಡಲು ಹೇಳಿ ತೆಗೆದುಕೊಂಡು, ಮರುದಿನ ಮೊದಲ ಬಸ್ಸಿಗೆ ನಾಸಿಕ್‌ಗೆ ಹೊರಟೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಂಡೆ. ಅವರ ಕನ್ನಡದಲ್ಲೇ ಬೈಯಬೇಕೆಂದುಕೊಂಡೆ.

ಮೆಟ್ಟಿಲಿನ ಕೆಳಗೆ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಪಕ್ಕದ ಹೂವಿನವಳು, ಕಾಕಾ ಹೋಗಿ ಆರು ತಿಂಗಳಾಯಿತು ಎಂದು ಹೇಳಿ, ಪಂಚವಟಿಯ ಮನೆಯ ಗುರುತು ಕೊಟ್ಟಳು. ಜೋಡಿಸಿಕೊಂಡ ಬೈಗುಳಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅವುಗಳ ಸಮೇತ ಆ ಮನೆಗೆ ಹೋದೆ.

ಬಾಗಿಲು ತೆರೆದವರು ಅವರ ಹೆಂಡತಿ. ನಾನು ಗಡಿಯಾರ ತೋರಿಸಿದೆ. ಒಳಗೆ ಕರೆಯಲಿಲ್ಲ, ನೀರು ಬೇಕೇ ಎನ್ನಲಿಲ್ಲ.

"ತುಮ್ಹೀಚ ಕಾ ತ್ಯಾ ಬ್ಯಾಂಕವಾಲ್ಯಾ?" ನೀವೇ ಏನು ಆ ಬ್ಯಾಂಕಿನವರು ಎಂದು ಕೇಳಿದರು. ಆಮೇಲಿನದನ್ನೆಲ್ಲ ಮರಾಠಿಯಲ್ಲೇ, ಹೊಸ್ತಿಲ ಮೇಲೆ ನಿಂತೇ ಹೇಳಿದರು. "ನಿಮ್ಮ ಫೋನ್ ಹತ್ತಲಿಲ್ಲ. ಎಷ್ಟು ಸಲ ಮಾಡಿದರು ಗೊತ್ತೇ? ಆ ಅಚ್ಚು ತ್ರ್ಯಂಬಕದ ಲಾಜಿನಲ್ಲೇ ಸಿಕ್ಕಿತು, ಸಂಕ್ರಾಂತಿಯ ದಿನ. ಹಬ್ಬದ ಊಟ ಬಿಟ್ಟು ಕೂತು ಹಾಕಿದರು."

"ನಮಗೆ ಬೇರೆ ಮಷೀನು ಕೊಟ್ಟು ನಿಮ್ಮ ಯಜಮಾನರು ಸುಳ್ಳು ಹೇಳಿದರು" ಎಂದೆ. ನನ್ನ ದನಿ ಏರಿತ್ತು.

"ಹೇಳಿದರು. ಅವರ ಬಾಯಲ್ಲಿ ಆಗಲಿಲ್ಲ ಎಂಬ ಮಾತು ಬರುತ್ತಿರಲಿಲ್ಲ. ನೀವು ಅಂಗಡಿ ಮುಂದೆ ನಿಂತು ತಾಯಿ ಸಾಯುತ್ತಾಳೆ ಎಂದಿರಂತೆ. ಅಚ್ಚು ಸಿಗುವ ತನಕ ಇರಲಿ ಎಂದು ತಮ್ಮ ಡಬ್ಬಿಯಲ್ಲಿದ್ದ ಬೇರೆ ಮಷೀನನ್ನು ಹಾಕಿ ಕೊಟ್ಟರು." ಅವರು ನನ್ನನ್ನೇ ನೋಡಿದರು. "ಗಡಿಯಾರ ಕೆಡವಿದ್ದು ಯಾರೆಂದು ನೀವು ನಿಮ್ಮ ಆಯಿಗೆ ಹೇಳಿದಿರಾ?"

ಅವರು ಒಳಗೆ ಹೋಗಿ ಒಂದು ರೀಲಿನ ಡಬ್ಬಿ ತಂದು ನನ್ನ ಕೈಯಲ್ಲಿಟ್ಟರು. ಬಾಗಿಲು ಹಾಕಿಕೊಂಡರು.

ಗೋದಾವರಿಯ ಘಾಟಿನ ಮೆಟ್ಟಿಲ ಮೇಲೆ ಕೂತು ಮುಚ್ಚಳ ತೆಗೆದೆ. ಪೆಟ್ರೋಲಿನ ವಾಸನೆ. ಹತ್ತಿಯಲ್ಲಿ ಸುತ್ತಿದ ಅಪ್ಪನ ಮಷೀನು. ಜೊತೆಗೆ ಮಡಿಸಿದ ಒಂದು ಚೀಟಿ. ಅವರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ; ಕನ್ನಡದ ಮಾತನ್ನು ಮರಾಠಿಯ ಲಿಪಿಯಲ್ಲಿ ಬರೆದಿದ್ದರು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. "ಅವ್ವಾರದು. ಅಚ್ಚ ಸಿಕ್ಕೈತಿ. ಅವ್ವಾರ ಕಿವಿಗೆ ಹಿಡದು ಕೇಳಸೂದು."

ಸಂಕ್ರಾಂತಿಯಿಂದ ಆಷಾಢಕ್ಕೆ ಐದು ತಿಂಗಳು. ಐದು ತಿಂಗಳ ಬೆಳಗುಗಳು. ಬಸ್ಸಿನಲ್ಲಿ ಒಂದು ದಿನ ಕೂತಿದ್ದರೆ ಸಾಕಿತ್ತು…

ಗುಲ್‌ಮಂಡಿಯ ಚಾಚಾ ಹಿತ್ತಾಳೆಯ ಬಳೆ ತೆಗೆದು, ಅಪ್ಪನ ಮಷೀನನ್ನು ಅದರ ಜಾಗದಲ್ಲಿ ಕೂರಿಸಿದರು. ಡಯಲಿನ ಕಾಲುಗಳು ತಮ್ಮ ಹಳೆಯ ರಂಧ್ರಗಳಲ್ಲಿ ಕೂತವು. ಹೊಸ ಅಚ್ಚನ್ನು ಭೂತಗನ್ನಡಿಯಲ್ಲಿ ನೋಡಿ ತಲೆದೂಗಿದರು. ಆಮೇಲೆ, ಈ ಕೆಲಸದವರೆಲ್ಲ ಕೇಳುವ ಹಾಗೆ, ಕೇಸಿನ ಅಂಚಿನ ಮೇಲೆ ಬೆರಳಾಡಿಸಿ, ಯಾರು ಕೆಡವಿದ್ದೆಂದು ಕೇಳಿದರು.

"ಕಿಸ್‌ನೇ ಗಿರಾಯಾ?"

"ಮೈನೇ" ಎಂದೆ. ನಾನೇ.

ಅವರು ಹೂಂ ಎಂದು ಮುಚ್ಚಳ ಹಾಕಿದರು. ಅಷ್ಟೇ ಇತ್ತು ಅದು. ಒಂದು ಮಾತು.

ಈಗ ಬೆಳಿಗ್ಗೆ ದೀಪ ಹಚ್ಚಿ ಅದಕ್ಕೆ ಚಾವಿ ಕೊಡುತ್ತೇನೆ. ಕಿವಿಗೆ ಹಿಡಿಯುತ್ತೇನೆ. ಅವ್ವ ಹೇಳಿದ್ದು ನಿಜ, ಇದು ಓಡುವುದಿಲ್ಲ. ಕಾಕಾನ ಮಷೀನು ರೀಲಿನ ಡಬ್ಬಿಯಲ್ಲಿದೆ. ವಾಪಸು ಕೊಡಬೇಕೆಂದು ಎರಡು ಸಲ ಬಸ್ ನಿಲ್ದಾಣದ ತನಕ ಹೋಗಿ ಬಂದಿದ್ದೇನೆ. ಆ ಹೊಸ್ತಿಲ ಮುಂದೆ ಮತ್ತೆ ನಿಲ್ಲುವ ಧೈರ್ಯ ನನಗಿಲ್ಲ. ಅವರ ಮೇಲಿನ ಸಿಟ್ಟೂ ಹೋಗಿಲ್ಲ. ಅಚ್ಚು ಸಿಕ್ಕಿಲ್ಲ ಅಕ್ಕಾರ, ಇದು ಬೇರೆಯದು, ಇದನ್ನ ಅವ್ವಾರಿಗೆ ಹೇಳಿ ಕೊಡ್ರಿ ಎಂದು ಅಂದೇ ಹೇಳಿದ್ದರೆ ಅವರ ಗಂಟು ಏನು ಹೋಗುತ್ತಿತ್ತು? ಅವ್ವನ ಕಿವಿ ಸರಿಯಿದೆ ಎಂದಾದರೂ ನನಗೆ ಗೊತ್ತಾಗುತ್ತಿತ್ತು. ಹೀಗೆ ಅವರನ್ನು ಬೈಯಲು ಶುರು ಮಾಡಿದರೆ ನಾಲ್ಕು ವಾಕ್ಯದೊಳಗೆ ನನ್ನ ಬುಡಕ್ಕೇ ಬಂದು ನಿಲ್ಲುತ್ತದೆ.

ಮೊನ್ನೆ ಡಬ್ಬಿ ಮುಚ್ಚಿಡುವಾಗ ಮುಚ್ಚಳ ಕೈಜಾರಿ ಟೈಲ್ಸ್ ಮೇಲೆ ಬಿತ್ತು. ಸಣ್ಣ ಸದ್ದು. ನಾನು ಬಾಗಲಿಲ್ಲ, ಕಾಯುತ್ತ ನಿಂತೆ. ಏನು ಬಿತ್ತವಾ ಎಂದು ಬಚ್ಚಲಿನಿಂದ ಕೇಳುವವರು ಈಗ ಯಾರೂ ಇಲ್ಲ. ಕೇಳಿದ್ದರೆ ಈ ಸಲ ಚಮಚಾ ಎನ್ನುತ್ತಿರಲಿಲ್ಲ.